ಗೂಬಿ ಅಂದ್ರ ಮ

ಬರವಣಿಗೆಯೇ ಮನುಷ್ಯನನ್ನು ಪಶುವಿನಿಂದ ಬೇರೆ ಮಾಡಿದ್ದು. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಮಾತ್ರ ಕಾಲವನ್ನು ಗೆದ್ದು ನಿಲ್ಲುತ್ತದೆ. ಈ ಮಾತನ್ನು ನಾನು ನೌಕರಿಯುದ್ದಕ್ಕೂ ಪ್ರತಿ ಜೂನ್ ತಿಂಗಳಲ್ಲಿ ಕರಿಹಲಗೆಯ ಮೇಲೆ ದುಂಡಗೆ ಬರೆದಿದ್ದೇನೆ. ಸಂಜೆಯಾಗುತ್ತಲೇ ಪಾಳಿಯ ಹುಡುಗರು ಅದನ್ನು ಒದ್ದೆ ಅರಿವೆಯಿಂದ ಒರೆಸಿ ಹಾಕುತ್ತಿದ್ದರು.

ಮೊನ್ನೆ ಭಾಗ್ಯನಗರದ ನಮ್ಮ ಮನೆಯಲ್ಲಿ ಅಂಟಿನುಂಡಿ ಕಟ್ಟುವ ಕಾರ್ಯಕ್ರಮವಿತ್ತು. ಮಗಳು ಬಾಣಂತಿ. ಜಾಲಿ ಗಿಡದ ಅಂಟನ್ನು ತುಪ್ಪಕ್ಕೆ ಹಾಕಿದರೆ ಅದು ಚಟಪಟ ಅರಳಿ ಒಂದು ವಾಸನೆ ಏಳುತ್ತದೆ: ಅರ್ಧ ಸಿಹಿ, ಅರ್ಧ ಮರದ ತೊಗಟೆ. ಅದು ಮೂಗಿಗೆ ಬಡಿದಾಗ ನನಗೆ ಉಂಡಿ ನೆನಪಾಗಲಿಲ್ಲ, ಮೊಮ್ಮಗನೂ ನೆನಪಾಗಲಿಲ್ಲ. ಒಂದು ಗೂಬೆ ನೆನಪಾಯಿತು. ಅದರ ಬೆನ್ನಿಗೇ ಆ ಗೂಬೆಯನ್ನು ಬರೆಸಿದ ಅಕ್ಕೋರು. ಗೂಬೆ ನೆನಪಾಯಿತೆಂದು ಬಾಣಂತಿ ಇರುವ ಮನೆಯಲ್ಲಿ ಗಟ್ಟಿಯಾಗಿ ಅಂದದ್ದಕ್ಕೆ ಮನೆಯವರು ನನ್ನನ್ನು ಅಂಗಳಕ್ಕೆ ಕಳಿಸಿದರು. ಅಂಗಳದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಗಂಗಾವತಿಯಿಂದ ಕನಕಗಿರಿ ಕಡೆಗೆ ಹೋಗುವ ಹಾದಿಯಲ್ಲಿ, ಹೇಮಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಆ ಹಳ್ಳಿ. ಅಲ್ಲಿಯ ಸಾಲಿಯಲ್ಲಿ ನಾನು ಕನ್ನಡದ ಮಾಸ್ತರ, ಅವರು ಸಮಾಜ ವಿಜ್ಞಾನಕ್ಕೆ. ಹೆಣ್ಣು ಮಾಸ್ತರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅವರು ನನಗಿಂತ ಸಾಕಷ್ಟು ಸಣ್ಣವರು, ಆದರೂ ನಾನು ಅಕ್ಕೋರು ಎಂದೇ ಕರೆದೆ. ಎತ್ತರದ ಹೆಂಗಸು, ಬಿರುಸು ನಡಿಗೆ. ಗಂಗಾವತಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ಬಸ್ಸಿಳಿದು ಸಾಲಿಗೆ ನಡೆದು ಬರುವಾಗ ಕೈಯಲ್ಲಿ ಒಂದು ಕೊಡೆ. ಬಿಸಿಲಿರಲಿ ಮಳೆಯಿರಲಿ ಆ ಕೊಡೆ ಬಿಚ್ಚಿದ್ದನ್ನು ಕಂಡವರಿಲ್ಲ. ಅದು ನಾಯಿಗಳ ಸಲುವಾಗಿ ಎಂದು ಅವರೇ ಹೇಳಿದ್ದರು.

ಸಾಲಿಗೆ ಕೋಣೆಗಳು ಕಡಿಮೆ. ಒಂದೇ ಉದ್ದನೆಯ ಕೋಣೆಯ ನಡುವೆ ಎರಡು ಕಪಾಟು ನಿಲ್ಲಿಸಿ ಎರಡು ತರಗತಿ ಮಾಡಿದ್ದರು. ಈ ಕಡೆ ನನ್ನ ಏಳನೆಯವರು, ಆ ಕಡೆ ಅವರ ಆರನೆಯವರು. ಕಪಾಟು ನೋಟವನ್ನು ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ. ನಾನು ಲೋಪಸಂಧಿ ಹೇಳುತ್ತಿದ್ದರೆ ನನ್ನ ಮಕ್ಕಳು ಮುಖವನ್ನು ನನ್ನ ಕಡೆ ಇಟ್ಟು ಕಿವಿಯನ್ನು ಆ ಕಡೆ ಇಡುತ್ತಿದ್ದರು. ಕೆಲವು ದಿನ ಕಳೆದ ಮೇಲೆ ನಾನೂ ಹಾಗೆಯೇ ಮಾಡತೊಡಗಿದೆ. ಸಂಧಿಗೆ ಅದರಿಂದ ಅಂಥ ನಷ್ಟವೇನೂ ಆಗಲಿಲ್ಲ.

ಆರನೆಯ ಇಯತ್ತೆಯ ಪುಸ್ತಕದಲ್ಲಿ ಈಜಿಪ್ಟಿನ ಬರವಣಿಗೆಯ ಬಗ್ಗೆ ಒಂದೇ ಒಂದು ಸಾಲಿತ್ತು. ಅವರು ಚಿತ್ರಲಿಪಿ ಬಳಸುತ್ತಿದ್ದರು, ಅಷ್ಟೇ. ನಾನಾಗಿದ್ದರೆ ಆ ಸಾಲು ಓದಿಸಿ, ಅಡಿಗೆರೆ ಹಾಕಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅಕ್ಕೋರ ತರಗತಿಯಲ್ಲಿ ದುರಗಮ್ಮ ಎಂಬ ಹುಡುಗಿ ಎದ್ದು ನಿಂತು, ಚಿತ್ರದಾಗ ಹೆಂಗ ಬರೀತಿದ್ರು, ಎಮ್ಮಿ ಚಿತ್ರ ಬರದ್ರ ಎಮ್ಮಿ ಅಂತ ತಿಳೀತೈತಿ, ಎಮ್ಮಿ ಎಲ್ಲಿಗೆ ಹೋತು ಅಂತ ಹೆಂಗ ತಿಳೀತೈತಿ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಮುಗಿಯುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಅಕ್ಕೋರು ಗಂಗಾವತಿಯ ವಾಚನಾಲಯದಿಂದ ಬೆನ್ನು ಹರಿದ ಒಂದು ಪುಸ್ತಕ ತಂದುಕೊಂಡು, ರಾತ್ರಿ ತಾವು ಕಲಿತದ್ದನ್ನು ಬೆಳಿಗ್ಗೆ ಮಕ್ಕಳಿಗೆ ಹೇಳುತ್ತಿದ್ದರು. ಮೊದಲ ದಿನ ಹಲಗೆಯ ಮೇಲೆ ಒಂದು ಮನೆ ಬರೆದರು. ಮೇಲಿನಿಂದ ನೋಡಿದಂತೆ ನಾಲ್ಕು ಗೋಡೆ, ಒಂದು ಬಾಗಿಲು. ಕೆಳಗೊಂದು ಸಣ್ಣ ಗೆರೆ ಎಳೆದರು. ಈ ಗೆರೆ ಇದ್ದರೆ ಚಿತ್ರ ತನ್ನನ್ನೇ ತಾನು ಹೇಳಿಕೊಳ್ಳುತ್ತದೆ, ಅಂದರೆ ಇದು ಬರೀ ಮನೆ ಎಂದು ವಿವರಿಸಿದರು. ಆಮೇಲೆ ಗೆರೆ ಅಳಿಸಿ, ಕೆಳಗೆ ಒಂದು ಬಾಯಿ, ಪಕ್ಕದಲ್ಲಿ ನಡೆಯುವ ಎರಡು ಕಾಲು ಬರೆದರು. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ಈಗ ಇದು ಮನೆಯಲ್ಲ, ಹೊರಗೆ ಹೋಗುವುದು ಎಂದರು ಅಕ್ಕೋರು. ಆ ಜನರ ಮಾತಿನಲ್ಲಿ ಮನೆ ಎಂಬುದಕ್ಕೂ ಹೊರಬೀಳು ಎಂಬುದಕ್ಕೂ ಪ, ರ ಎಂಬ ಒಂದೇ ಸದ್ದು. ಆದ್ದರಿಂದ ಮನೆಯ ಚಿತ್ರವನ್ನು ಸದ್ದಿಗಾಗಿ ಸಾಲ ತಂದರು. ಬಾಯಿಯ ಚಿತ್ರ ಅಂದರೆ ರ. ಅದು ಸದ್ದನ್ನು ಇನ್ನೊಮ್ಮೆ ಖಾತ್ರಿ ಮಾಡಲಿಕ್ಕೆ. ಕಾಲುಗಳಿಗೆ ಸದ್ದೇ ಇಲ್ಲ. ಇದು ನಡೆಯುವ ಬಾಬ್ತು ಎಂದು ತೋರಿಸಿ ಅವು ಸುಮ್ಮನೆ ನಿಲ್ಲುತ್ತವೆ.

"ಅಂದ್ರ ಚಿತ್ರ ಮೂರು ಕೆಲಸ ಮಾಡ್ತಾವು," ಎಂದರು. "ಕೆಲವು ತಾವು ಏನದಾವೋ ಅದನ್ನ ಹೇಳ್ತಾವು. ಕೆಲವು ಬರೇ ಸದ್ದು ಮಾಡ್ತಾವು. ಇನ್ನ ಕೆಲವು ಬಾಯಿ ಮುಚ್ಕೊಂಡು ಅರ್ಥ ತೋರಸ್ತಾವು. ನಮ್ಮ ಸಾಲಿ ಮಾಸ್ತರಂಗ."

ಕಪಾಟಿನ ಈ ಕಡೆ ಮೌನವಾಗಿ ಕುಳಿತಿದ್ದ ನನಗೆ ಇದು ಯಾರಿಗೆಂದು ಗೊತ್ತಾಯಿತು. ನನ್ನ ಮಕ್ಕಳಿಗೂ ಗೊತ್ತಾಯಿತು.

ಎಲ್ಲಿಂದ ಓದಬೇಕು ಎಂಬುದಕ್ಕೆ ಅವರು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಈ ಬರವಣಿಗೆಯನ್ನು ಎಡದಿಂದಲೂ ಬರೆಯಬಹುದು, ಬಲದಿಂದಲೂ ಬರೆಯಬಹುದು. ಓದುವವನು ಹಕ್ಕಿ ಪ್ರಾಣಿಗಳ ಮುಖ ಯಾವ ಕಡೆಗಿದೆ ನೋಡಿ, ಅವುಗಳ ಮುಖದ ಕಡೆಯಿಂದಲೇ ಶುರು ಮಾಡಬೇಕು. "ಎಮ್ಮಿ ಹತ್ರ ಹಿಂದಿಂದ ಹೋಗ್ತೀರೇನು? ಒದೀತೈತಿ. ಮುಂದಿಂದ ಹೋಗ್ರಿ," ಎಂದರು. ಅಷ್ಟರ ಮೇಲೆ ಒಂದು ಮಗುವೂ ಆ ವಿಷಯದಲ್ಲಿ ತಪ್ಪಲಿಲ್ಲ.

ನನ್ನ ತಾಳ್ಮೆ ಕೆಟ್ಟದ್ದು ಅವರು ಸ್ವರಗಳ ವಿಷಯಕ್ಕೆ ಬಂದಾಗ. ಈಜಿಪ್ಟಿನವರು ಸ್ವರ ಬರೆಯುತ್ತಿರಲಿಲ್ಲವಂತೆ. ಕಾಗುಣಿತವಿಲ್ಲ, ದೀರ್ಘವಿಲ್ಲ, ಒತ್ತಕ್ಷರವನ್ನೂ ಒಂದೇ ಅಕ್ಷರದಲ್ಲಿ ಮುಗಿಸುತ್ತಿದ್ದರಂತೆ. ಹುಡುಗರ ಬೆನ್ನು ಬಿದ್ದು ಕಾಗುಣಿತ ತಿದ್ದಿಸುವುದರಲ್ಲೇ ಕೂದಲು ನೆರೆಸಿಕೊಂಡವನು ನಾನು. ಅಂಥ ಅಡ್ನಾಡಿ ಲಿಪಿಯಿಂದ ಒಂದು ರಾಜ್ಯ ನಡೆಯಲು ಸಾಧ್ಯವಿಲ್ಲ ಎಂದು ಕಪಾಟಿನ ಮೇಲಿಂದ ಹೇಳಿದೆ. ಮೂರು ಸಾವಿರ ವರ್ಷ ನಡೀತಲ್ರಿ ಮಾಸ್ತರ, ಎಂದು ಆ ಕಡೆಯಿಂದ ಉತ್ತರ ಬಂತು.

ಅಷ್ಟು ಹೇಳಿ ಅವರು ಹಲಗೆಯ ಮೇಲೆ ಒಂದು ಗೂಬೆ, ಅದರ ಪಕ್ಕ ನೀರಿನ ಅಲೆಯ ಒಂದು ಗೆರೆ ಬರೆದರು. ಗೂಬಿ ಅಂದ್ರ ಮ, ನೀರು ಅಂದ್ರ ನ, ಓದ್ರಿ ಎಂದರು. ಆರನೆಯ ತರಗತಿಯ ಜೊತೆ ಏಳನೆಯವರೂ ಕೂಗತೊಡಗಿದರು. ಮನಿ ಎಂದರು. ಮೀನ ಎಂದರು. ಮಾನ ಎಂದರು. ಮೌನ ಎಂದರು. ಎಲ್ಲ ಖರೇ ಎಂದರು ಅಕ್ಕೋರು, ಯಾವುದು ಅಂತ ತಿಳಿಯಲು ಕೊನೆಗೊಂದು ಸದ್ದಿಲ್ಲದ ಚಿತ್ರ ಇಡಬೇಕು. ಮನೆಯಿಟ್ಟರೆ ಮನಿ. ಮೀನಿಟ್ಟರೆ ಮೀನ. ಬಾಯಿಗೆ ಕೈ ಇಟ್ಟ ಮನುಷ್ಯನನ್ನು ಕೂರಿಸಿದರೆ ಮೌನ. ಮಾನಕ್ಕೆ ಏನಿಡಬೇಕು ಎಂದು ಕೇಳಿದರು. ಒಬ್ಬ ಹುಡುಗ ತಲೀಗೆ ಸುತ್ತೂ ಪಟಗ ಬರಿಯಾಣ ಎಂದ, ಇನ್ನೊಬ್ಬ ಮೀಸೆ ಎಂದ. ಕಣ್ಣಿಗೆ ಕಾಣದ, ಕೈಗೆ ಸಿಗದ ಮಾತುಗಳಿಗೆ ಆ ಜನ ಸುತ್ತಿ ಕಟ್ಟಿದ ಹಾಳೆಯ ಚಿತ್ರ ಇಡುತ್ತಿದ್ದರು ಎಂದು ಅಕ್ಕೋರು ಹೇಳಿದರು. ಹಾಗೆ ಗೂಬೆ, ನೀರು, ಸುತ್ತಿದ ಹಾಳೆ ಸೇರಿ ಮಾನ ಆಯಿತು.

ಆಮೇಲೆ ಹೆಸರುಗಳ ಸರದಿ. ದುರಗಮ್ಮನಿಗೆ ದ ಎಂದರೆ ಕೈ, ರ ಎಂದರೆ ಬಾಯಿ, ಗ ಎಂದರೆ ಗಡಿಗೆ ಇಡುವ ಆಸರೆ, ಮ ಎಂದರೆ ಗೂಬೆ, ಕೊನೆಗೆ ಕುಂತ ಹೆಣ್ಣುಮಗಳು. ಅವಳಿಗೆ ಸದ್ದಿಲ್ಲ, ಇದು ಹೆಣ್ಣಿನ ಹೆಸರು ಎಂದು ತೋರಿಸುವುದಷ್ಟೇ ಅವಳ ಕೆಲಸ. ಶರಣಪ್ಪನಿಗೂ ಶರಣಮ್ಮನಿಗೂ ಮೊದಲ ಅರ್ಧ ಒಂದೇ. ಹುಲಿಗೆಮ್ಮನ ಹೆಸರಿನಲ್ಲಿ ಲ ಬರೆಯಲು ಸಿಂಹ ಬೇಕಾಯಿತು. ಹುಲಿಗೆ ಸಿಂಹ ಹೆಂಗ ರೀ ಎಂದು ಆ ಹುಡುಗಿ ಎರಡು ದಿನ ಮುನಿಸಿಕೊಂಡಿದ್ದಳು. ಇನ್ನು, ನಮ್ಮ ಸೀಮೆಯಲ್ಲಿ ಹೆಣ್ಣುಮಗಳೆಂದರೆ ಹೆಸರಿನ ಕೊನೆಗೆ ಅಮ್ಮ ಇರಲೇಬೇಕು. ಹೀಗಾಗಿ ಹುಡುಗಿಗೊಂದರಂತೆ ಗೂಬೆಗಳು ಬಂದು ಕುಳಿತವು. ಹನುಮಪ್ಪ, ಯಮನೂರಪ್ಪರ ಬಾಬ್ತಿನ ಗೂಬೆಗಳು ಬೇರೆ.

ಇಷ್ಟೂ ಹಲಗೆಯ ಮೇಲೆ ಇದ್ದಿದ್ದರೆ ಪಾಳಿಯ ಹುಡುಗರು ಒರೆಸಿ ಮುಗಿಸುತ್ತಿದ್ದರು. ಅಕ್ಕೋರು ಗೋಡೆಗೆ ಹೊರಟರು. ಸಾಲಿಯ ಕಂಪೌಂಡು ಗೋಡೆಯ ಹೊರಮೈ, ರಸ್ತೆಯ ಕಡೆಯದು, ಸುಣ್ಣದ ಬಿಳಿ ಹೊತ್ತು ಖಾಲಿ ಇತ್ತು. ಆ ದೇಶದ ಬರಹಗಾರರು ಮಸಿಯನ್ನು ದೀಪದ ಕಾಡಿಗೆಯಿಂದ, ಕೆಂಪನ್ನು ಕೆಮ್ಮಣ್ಣಿನಿಂದ ಮಾಡಿ ಜಾಲಿ ಅಂಟಿನಲ್ಲಿ ಕಲಸುತ್ತಿದ್ದರೆಂದು ಪುಸ್ತಕದಲ್ಲಿತ್ತು. ಆ ಮೂರೂ ಸಾಮಾನು ನಮ್ಮ ಹಳ್ಳಿಯಲ್ಲಿ ಪುಕ್ಕಟೆ. ಮಕ್ಕಳು ಹೊಲದ ಬದುವಿನ ಜಾಲಿಗಳಿಂದ ಅಂಟು ಕಿತ್ತು ತಂದರು, ಅರ್ಧ ತಿಂದರು, ಉಳಿದದ್ದನ್ನು ನೀರಲ್ಲಿ ನೆನೆಯಿಟ್ಟರು. ಒಂದು ವಾರ ಇಡೀ ಸಾಲಿಯಲ್ಲಿ ಅದೇ ವಾಸನೆ... ನನ್ನ ಧೋತರಕ್ಕೂ ಹತ್ತಿತ್ತು. ಪ್ರತಿ ಮಗು ತನ್ನ ಹೆಸರನ್ನು ತಾನೇ ಬರೆಯಿತು.

ಗೋಡೆಯೆದುರು, ರಸ್ತೆಯ ಆ ಬದಿಗೆ, ಹಿಟ್ಟಿನ ಗಿರಣಿ. ಗಿರಣಿಯ ಮಾಲೀಕರೇ ಸಾಲಿ ಸಮಿತಿಯ ಅಧ್ಯಕ್ಷರು. ಕೆಟ್ಟ ಮನುಷ್ಯರಲ್ಲ, ಆಗಸ್ಟ್ ಹದಿನೈದಕ್ಕೆ ತಮ್ಮ ಕೈಯಿಂದ ಪೆಪ್ಪರಮೆಂಟು ಹಂಚುತ್ತಿದ್ದರು. ಗೋಡೆ ಬರೆದ ಮರುದಿನ ಗಿರಣಿಯ ಪಟ್ಟೆ ಹರಿಯಿತು. ಅದು ಹಳೆಯ ಪಟ್ಟೆ, ಹರಿಯುವುದೇ ಅದರ ರೂಢಿ. ಆದರೆ ಅಂದು ಹರಿದಾಗ ಅಧ್ಯಕ್ಷರು ತಲೆಯೆತ್ತಿ ನೋಡಿದರು, ಎದುರಿಗೆ ಗೂಬೆಗಳು.

ಇಲ್ಲಿ ಒಂದು ಶಾಸ್ತ್ರದ ಮಾತು ಹೇಳಬೇಕು. ಆ ಲಿಪಿಯಲ್ಲಿ ಪ್ರಾಣಿ ಪಕ್ಷಿಗಳೆಲ್ಲ ಮಗ್ಗುಲಾಗಿ ನಿಂತು ಮಗ್ಗುಲಿಗೇ ನೋಡುತ್ತವೆ. ಗೂಬೆಯದು ಮಾತ್ರ ಮೈ ಮಗ್ಗುಲಾಗಿದ್ದರೂ ಮುಖ ನೇರ ನಮ್ಮ ಕಡೆ. ಹೀಗಾಗಿ ಸಿಂಹ, ಹಾವು, ಕೋಳಿಮರಿ ಎಲ್ಲವೂ ತಮ್ಮ ಪಾಡಿಗೆ ತಾವಿದ್ದು, ಗೂಬೆಗಳೆಲ್ಲ ಒಟ್ಟಾಗಿ ಗಿರಣಿಯನ್ನು ದಿಟ್ಟಿಸುತ್ತಿದ್ದವು.

ಅದೇ ವಾರ ಒಂದು ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿತು, ಯಾರದೋ ಮಗುವಿಗೆ ಜ್ವರ ಬಂತು, ಊರಲ್ಲಿ ಭಾನಾಮತಿ ಎಂಬ ಮಾತು ಹುಟ್ಟಿತು. ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಬೇಡ, ಬೇರೆಯವರಿಗಾಗಿ ಹೇಳುತ್ತೇನೆ. ಯಾರೋ ಮಾಡಿಸಿದ ಮಾಟದಿಂದ ಗಂಟಿನಲ್ಲಿಟ್ಟ ಅರಿವೆಗೆ ಬೆಂಕಿ ಹತ್ತುವುದು, ಮನೆ ಮೇಲೆ ಕಲ್ಲು ಬೀಳುವುದು, ಗೋಡೆಯ ಮೇಲೆ ಗುರುತು ಮೂಡುವುದು, ಇದಕ್ಕೆಲ್ಲ ಭಾನಾಮತಿ ಎಂದು ಹೆಸರು. ಗೋಡೆಯ ಗುರುತಿನ ಬಾಬ್ತು ನಮ್ಮ ಸಾಲಿಗೆ ತಕ್ಕ ಮಟ್ಟಿಗೆ ಹೊಂದುತ್ತಿತ್ತು. ಇಲ್ಲಿಯವರೆಗೆ ನಗಬಹುದು. ಆದರೆ ಮಾಡಿದವಳು ಇವಳೇ ಎಂದು ಒಬ್ಬಂಟಿ ಹೆಂಗಸಿನ ಕಡೆಗೆ ಊರು ಬೆರಳು ತೋರಿಸಿದರೆ ಏನಾಗುತ್ತದೆ ಎಂಬುದೂ ನಮ್ಮ ಕಡೆಯವರಿಗೆ ಗೊತ್ತು. ಮಂತ್ರ ಹೇಳಬಾರದೆಂದು ಹಲ್ಲು ಮುರಿದ ಕಥೆಗಳನ್ನು ನಾನು ಸಣ್ಣವನಿದ್ದಾಗ ಕೇಳಿದ್ದೆ. ಬರೀ ಕಥೆಗಳಲ್ಲ ಅವು... ಇರಲಿ.

ಸಾಲಿಗೆ ಬರುವ ಮಕ್ಕಳು ಕಡಿಮೆಯಾದರು. ಬಂದವರೂ ಗೋಡೆಯ ಬದಿಗೆ ಹಾಯದೆ ಹಿಂದಿನ ಬೇಲಿ ನುಗ್ಗಿ ಬರತೊಡಗಿದರು. ಅಕ್ಕೋರು ಬಸ್ಸಿಳಿದರೆ ಕಟ್ಟೆಯ ಮೇಲೆ ಕುಂತವರು ಎದ್ದು ಹೋಗುತ್ತಿದ್ದರು. ಹೆಡ್ ಮಾಸ್ತರರು ಸದಾ ಗಂಗಾವತಿಯಲ್ಲಿ ಮೀಟಿಂಗಿನಲ್ಲಿರುವವರು. ಈಗ ಮೀಟಿಂಗುಗಳು ಇನ್ನೂ ಹೆಚ್ಚಾದವು. ಹೀಗಾಗಿ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಗೂಬೆಯೊಂದನ್ನು ಬಿಟ್ಟು ಬೇರೆ ಏನಾದರೂ ಬರೆಸಿ, ಮ ಅನ್ನಲಿಕ್ಕೆ ನವಿಲು ಬರೆಸಿದರೂ ನಡೆದೀತು, ಈ ಊರಲ್ಲಿ ಈಜಿಪ್ಟಿನಿಂದ ತಪಾಸಣೆಗೆ ಯಾರೂ ಬರುವುದಿಲ್ಲ ಎಂದೆ.

"ಮಾಸ್ತರ," ಎಂದರು ಅವರು, "ನಿಮ್ಮ ವರ್ಣಮಾಲಿಯೊಳಗಿನ ಮ ನಮಗ ಅಪಶಕುನ, ತಗೀರಿ ಅಂತ ಯಾರರ ಬಂದು ನಿಂತ್ರ, ತಗೀತೀರೇನು?"

ಮ ಇಲ್ಲದ ಕನ್ನಡವನ್ನು ಊಹಿಸಿ ನೋಡಿದೆ. ಅಮ್ಮ ಇಲ್ಲ, ಮಾಸ್ತರ ಇಲ್ಲ, ಮೀಟಿಂಗು ಇಲ್ಲ. ಮೂರನೆಯದು ಹೋದರೆ ನಷ್ಟವಿಲ್ಲ, ಆದರೆ ಮೊದಲಿನ ಎರಡಕ್ಕೆ ನನ್ನ ಒಪ್ಪಿಗೆಯಿರಲಿಲ್ಲ. ನವಿಲಿನ ಮಾತು ಬಿಟ್ಟೆ.

ಅಧ್ಯಕ್ಷರು ರಾಜಿಗೆ ಬಂದವರೇ. ಮೊದಲ ಸಲ ಬಂದಾಗ, ಗೂಬೆಗಳ ಮುಖವನ್ನಾದರೂ ಮಗ್ಗುಲಿಗೆ ತಿರುಗಿಸಿ, ನನ್ನ ಗಿರಣಿ ಬಿಟ್ಟು ಎಲ್ಲಿ ಬೇಕಾದರೂ ನೋಡಲಿ ಎಂದರು. ಮುಖ ತಿರುಗಿಸಿದರೆ ಅದು ಗೂಬೆಯಾಗಿ ಉಳಿಯುವುದಿಲ್ಲ, ರಣಹದ್ದು ಆಗುತ್ತದೆ, ಹದ್ದು ಬೇರೆಯೇ ಅಕ್ಷರ ಎಂದು ಅಕ್ಕೋರು ಹೇಳಿದರು. ಗೂಬೆಗಿಂತ ಹದ್ದು ಲೇಸೋ ಎಂದು ಅಧ್ಯಕ್ಷರು ಸ್ವಲ್ಪ ಹೊತ್ತು ವಿಚಾರ ಮಾಡಿ, ಅಲ್ಲವೆಂದು ತೀರ್ಮಾನಿಸಿ ಹೋದರು.

ಎರಡನೆಯ ಸಲ ಅವರು ಕಲಿತುಕೊಂಡು ಬಂದಿದ್ದರು. ಆ ದೇಶದವರೂ ತಮ್ಮ ಅಕ್ಷರಕ್ಕೆ ಹೆದರುತ್ತಿದ್ದರು, ಗೋರಿಯ ಒಳಗೆ ಬರೆಯುವಾಗ ಹಾವಿನ ಚಿತ್ರವನ್ನು ನಡುವೆ ತುಂಡರಿಸಿ, ಸಿಂಹವನ್ನು ಅರ್ಧವೇ ಬರೆದು ಬಿಡುತ್ತಿದ್ದರು, ರಾತ್ರಿ ಎದ್ದು ಕಚ್ಚಬಾರದೆಂದು. ಇದನ್ನು ಅಕ್ಕೋರೇ ತರಗತಿಯಲ್ಲಿ ಹೇಳಿದ್ದರು. ಅದು ಮಕ್ಕಳ ಬಾಯಿಂದ ಗಿರಣಿಗೆ ಮುಟ್ಟಿತ್ತು. ನಿಮ್ಮವರೇ ಕೊಯ್ತಿದ್ದರಂತಲ್ಲ, ನಾವೂ ಗೂಬಿಗೊಂದು ಕುಡಗೋಲಿನ ಗೀರು ಹಾಕಿಬಿಡೂಣು, ನಿಮ್ಮ ಅಕ್ಷರಾನೂ ಉಳೀತು ನಮ್ಮ ಊರೂ ಉಳೀತು ಎಂದರು ಅಧ್ಯಕ್ಷರು. ನನಗೆ ಇದು ಬಹಳ ನ್ಯಾಯವಾಗಿ ಕಂಡಿತು.

"ಅದು ಗೋರಿಯೊಳಗ್ರೀ," ಎಂದರು ಅಕ್ಕೋರು. "ಅಲ್ಲಿ ಮಲಗಿದಾಂವ ಸತ್ತಾಂವ, ಹಾವು ಬಂದ್ರ ಓಡಾಕ ಬರೂದಿಲ್ಲ, ಅದಕ್ಕ ಕೊಯ್ತಿದ್ರು. ನೀವು ಜೀವಂತ ಅದೀರಿ. ಹೆದರಿಕಿ ಆದ್ರ ಓಡ್ರಿ."

ಮೂರನೆಯ ಸಲ ಅಧ್ಯಕ್ಷರು ಒಬ್ಬರೇ ಬರಲಿಲ್ಲ. ಊರಿನ ಗಂಡಸರನ್ನು ಕರೆದುಕೊಂಡು, ಒಂದು ಬಕೆಟ್ ಸುಣ್ಣ, ಒಂದು ಕುಂಚ ಹಿಡಿದು ಬಂದರು. ಶನಿವಾರ, ಬೆಳಗಿನ ಸಾಲಿ. ಅಕ್ಕೋರು ಆಗಷ್ಟೇ ಬಸ್ಸಿಳಿದಿದ್ದರು. ಕೈಯಲ್ಲಿ ಅದೇ ಕೊಡೆ. ಬಂದು ಗೋಡೆಗೂ ಬಕೆಟ್ಟಿಗೂ ನಡುವೆ ನಿಂತರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಆ ಗುಂಪಿನಲ್ಲಿ ಕೆಲವರ ಕೈಗಳು ಖಾಲಿ ಇರಲಿಲ್ಲ ಎಂಬುದನ್ನು ನಿಂತ ಮೇಲೆ ಗಮನಿಸಿದೆ. ಈ ಹೆಂಗಸು ಯಾವ ಊರಾಕಿ, ಒಬ್ಬಾಕಿ ಯಾಕಿರತಾಳ, ಖೋಲಿಯಾಗ ಏನ ಮಾಡತಾಳ ಎಂದು ಹಿಂದಿನಿಂದ ಒಬ್ಬ ಕೇಳಿದ. ಕೇಳಿದ ರೀತಿ ನನಗೆ ಸರಿಬರಲಿಲ್ಲ.

ಅಕ್ಕೋರು ದನಿ ಏರಿಸಲಿಲ್ಲ. ತರಗತಿಯಲ್ಲಿ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ಮಾತಾಡಿದರು. ಇದು ಮಂತ್ರವಲ್ಲ, ನಿಮ್ಮ ಮಕ್ಕಳ ಹೆಸರು ಎಂದರು. ಊರ ಅಗಸಿ ಬಾಗಿಲಲ್ಲಿ ಕೂತ ಹನುಮಪ್ಪನ ಹೆಸರು ಬರೆದರೂ ಗೂಬೆ ಬರುತ್ತದೆ, ಹುಲಿಗಿಯ ಅಮ್ಮನ ಹೆಸರು ಬರೆದರೂ ಬರುತ್ತದೆ, ಅವರು ಹೆದರಿಲ್ಲ ಎಂದರು. ಆ ದೇಶದಲ್ಲಿ ಒಬ್ಬರ ಹೆಸರು ಕೆತ್ತಿ ತೆಗೆದರೆ ಆ ಮನುಷ್ಯನನ್ನು ಇಲ್ಲವಾಗಿಸಿದ ಹಾಗೆ ಎಂದು ತಿಳಿಯುತ್ತಿದ್ದರು, ವೈರಿ ರಾಜರ ಹೆಸರನ್ನಷ್ಟೇ ಹಾಗೆ ಅಳಿಸುತ್ತಿದ್ದರು ಎಂದರು.

"ಅಳಸ್ರಿ, ನಾ ಏನೂ ಅನ್ನೂದಿಲ್ಲ," ಎಂದು ಮಗ್ಗುಲಿಗೆ ಸರಿದರು. "ಆದ್ರ ಒಬ್ಬೊಬ್ರ ಬರ್ರಿ. ತಮ್ಮ ತಮ್ಮ ಮಗಳು ಯಾವಕಿ ಅಂತ ಹುಡುಕಿ, ಆಕೀನ್ನ ತಾವ ಅಳಸ್ರಿ. ಮಂದಿ ಮಗಳನ್ನ ಮುಟ್ಟಬ್ಯಾಡ್ರಿ."

ಯಾರಿಗೂ ಆ ಲಿಪಿ ಓದಲು ಬರುತ್ತಿರಲಿಲ್ಲ. ಮಗಳನ್ನು ಕರೆದು ನೀನು ಎಲ್ಲಿದ್ದೀ ಎಂದು ಕೇಳಬೇಕು, ಅವಳು ಬೆರಳಿಟ್ಟು ತೋರಿಸಬೇಕು, ಆಮೇಲೆ ಅವಳೆದುರೇ ಸುಣ್ಣ ಹಚ್ಚಬೇಕು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕುಂಚ ಅಧ್ಯಕ್ಷರ ಕೈಯಲ್ಲೇ ಇತ್ತು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ಅವರು ಕುಂಚವನ್ನು ಬಕೆಟ್ಟಿಗೆ ಅದ್ದಿದರು.

ಅಧ್ಯಕ್ಷರ ತಾಯಿ ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದರು. ದಿನವೂ ಅಲ್ಲೇ ಕುಳಿತು ಬಂದು ಹೋಗುವ ಹೆಣ್ಣುಮಕ್ಕಳ ವರದಿ ಪಡೆಯುವುದು ಅವರ ಉದ್ಯೋಗ. ಈರಮ್ಮ ಅವರ ಹೆಸರು. ಊರಿಗೆಲ್ಲ ಅವರ ಬಾಯಿಯ ಪರಿಚಯವಿತ್ತು. ಕೋಲೂರಿಕೊಂಡು ರಸ್ತೆ ದಾಟಿ ಬಂದು, ನನ್ನ ಹೆಸರಾಗೂ ಗೂಬಿ ಐತೇನು ಎಂದು ಕೇಳಿದರು. ಅಕ್ಕೋರು ದುರಗಮ್ಮನ ಕಡೆ ನೋಡಿದರು. ಹುಡುಗಿ ಒಂದು ನಿಮಿಷವೂ ಯೋಚಿಸದೆ, ಬಾಯಿ, ಗೂಬಿ, ಆಮ್ಯಾಲೆ ಕುಂತ ಹೆಣ್ಣಮಗಳು ಎಂದಳು.

ಬಾಯಿ ಮತ್ತು ಗೂಬಿ. ಊರಿನವರ ಅಭಿಪ್ರಾಯದಲ್ಲಿ ಇದು ಹೆಸರಾಗಿರಲಿಲ್ಲ, ಭಾವಚಿತ್ರವಾಗಿತ್ತು. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ ತಡೆಯಲಾರದೆ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವರು ಈರಮ್ಮನೇ.

"ಬರಿಯವ್ವಾ ತಂಗಿ," ಎಂದರು. "ದೊಡ್ಡದಾಗಿ ಬರಿ. ಇದುತನಕ ನನ್ನ ಹೆಸರು ಯಾವ ಗ್ವಾಡಿ ಮ್ಯಾಲೂ ಬಂದಿಲ್ಲ. ರೇಷನ್ ಕಾರ್ಡಿನ್ಯಾಗ ಒಂದ ಸಲ ಬಂದಿತ್ತು, ಅಲ್ಲಿ ನನ್ನ ಗಂಡಸ ಮಾಡ್ಯಾರ."

ದುರಗಮ್ಮ ಒಳಗೆ ಓಡಿ ಅಂಟು ಕಲಸಿದ ಕೆಮ್ಮಣ್ಣಿದ್ದ ತೆಂಗಿನ ಪರಟೆ ತಂದಳು. ಒಂದು ಮೊಳದ ಬಾಯಿ ಬರೆದಳು. ಅದರ ಕೆಳಗೆ ಗೂಬೆ, ಗೋಡೆಯ ಮೇಲೆ ಇದ್ದ ಗೂಬೆಗಳಲ್ಲೆಲ್ಲ ದೊಡ್ಡದು, ಎರಡು ಕಣ್ಣು ಗಿರಣಿಯ ಮೇಲೆ. ಕುಂತ ಹೆಣ್ಣುಮಗಳಿಗೆ ಅಜ್ಜಿಯ ಒತ್ತಾಯದ ಮೇರೆಗೆ ಕೈಯಲ್ಲೊಂದು ಕೋಲು. ಇಂಥ ಚಿತ್ರ ಈಜಿಪ್ಟಿನಲ್ಲಿಲ್ಲ ಎಂದು ಅಕ್ಕೋರು ಆಕ್ಷೇಪಿಸಲಿಲ್ಲ. ಬರೆದು ಮುಗಿದ ಮೇಲೆ ಈರಮ್ಮ ಮಗನ ಕಡೆ ತಿರುಗಿದರು.

"ಈಗ ಹಚ್ಚು, ನೋಡೂಣು."

ಕುಂಚದಿಂದ ಸುಣ್ಣ ಹನಿದು ಅಧ್ಯಕ್ಷರ ಚಪ್ಪಲಿಯ ಮೇಲೆ ಬಿತ್ತು. ಆಮೇಲೆ ಬಕೆಟ್ಟು ಎತ್ತಿಕೊಂಡು ರಸ್ತೆ ದಾಟಿದರು. ಕಲಸಿದ ಸುಣ್ಣ ಹಾಳು ಮಾಡಬಾರದೆಂದು ಗಿರಣಿಯ ಕಟ್ಟೆಗೆ ಹಚ್ಚಿದರು. ಅದು ಚೆನ್ನಾಗಿಯೇ ಕಂಡಿತು. ಗುಂಪು ಚದುರಿತು, ಹೋಗುವಾಗ ಇಬ್ಬರು ಮೂವರು ಹೆಂಗಸರು ಬಂದು ತಮ್ಮ ಹೆಸರಿಗೆ ಏನೇನು ಬರುತ್ತದೆಂದು ಮೆಲ್ಲಗೆ ವಿಚಾರಿಸಿಕೊಂಡು ಹೋದರು.

ಇದು ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಊರು ಸುಮ್ಮನಾದರೂ ಕಾಗದಗಳು ಸುಮ್ಮನಾಗುವುದಿಲ್ಲ. ಯಾರೋ ಮೊದಲೇ ಕಳಿಸಿದ್ದ ತಕರಾರು ಮೇಲೆ ಮುಟ್ಟಿತ್ತು. ಪಠ್ಯದಲ್ಲಿಲ್ಲದ್ದನ್ನು ಕಲಿಸಿ ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸಿದ್ದೇಕೆಂದು ಅಕ್ಕೋರಿಗೆ ನೋಟಿಸು ಬಂತು. ಗೋಡೆಗೆ ಸುಣ್ಣ ಹಚ್ಚಿಸಿ ತಪ್ಪಾಯಿತೆಂದು ಒಂದು ಸಾಲು ಬರೆದುಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ ಎಂದು ಹೆಡ್ ಮಾಸ್ತರರು ಮೀಟಿಂಗಿನಿಂದ ಬಿಡುವು ಮಾಡಿಕೊಂಡು ಬಂದು ಹೇಳಿದರು. ಸಾಲು ನಾನೇ ತಯಾರು ಮಾಡಿಕೊಡುತ್ತೇನೆ, ವ್ಯಾಕರಣಶುದ್ಧವಾಗಿ, ಎಂದು ನಾನೂ ಅಂದೆ. ಬ್ಯಾಡ್ರಿ, ನನಗ ಬರಿಯಾಕ ಬರತೈತಿ ಎಂದರು ಅಕ್ಕೋರು. ಬರೆದುಕೊಟ್ಟರು. ಬಿಳಿ ಹಾಳೆಯ ನಡುವೆ ಒಂದು ಗೂಬೆ, ನೀರಿನ ಗೆರೆ, ಸುತ್ತಿದ ಹಾಳೆ. ಕೆಳಗೆ ಸಹಿ. ಆಫೀಸಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಉತ್ತರ ಸ್ವೀಕೃತವಾಗಿದೆ ಎಂದು ಮೊಹರು ಒತ್ತಿದರು. ಆ ತಾಲೂಕಿನಲ್ಲಿ ಅದನ್ನು ಮಾನ ಎಂದು ಓದಬಲ್ಲವರು ಆರು ಮತ್ತು ಏಳನೆಯ ತರಗತಿಯ ಮಕ್ಕಳು, ಮತ್ತು ನಾನು.

ಆಡಳಿತದ ಹಿತದೃಷ್ಟಿಯಿಂದ ಅವರನ್ನು ಯಲಬುರ್ಗಾದ ಆಚೆಯ ಒಂದು ಹಳ್ಳಿಗೆ ಎತ್ತಿ ಹಾಕಿದರು. ದಿನಕ್ಕೆ ಒಂದೇ ಬಸ್ಸು ಇರುವ ಊರು. ಹೊರಡುವ ದಿನ ಮಕ್ಕಳು ಅಳುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಕ್ಕೋರು ಅದಕ್ಕೆ ಅವಕಾಶ ಕೊಡದೆ ಕೊನೆಯ ಅವಧಿಯಲ್ಲಿ ನೈಲ್ ನದಿಯ ಕೃಷಿ ಎಂಬ ಪಾಠ ಮುಗಿಸಿದರು. ಆಮೇಲೆ ಕಪಾಟಿನ ಈ ಕಡೆ ಬಂದು, ಹೋಗಿ ಬರ್ತೀನ್ರಿ ಮಾಸ್ತರ, ಕಾಗುಣಿತ ಬಿಡಬ್ಯಾಡ್ರಿ ಎಂದರು. ನಾನು ಬಿಡಲಿಲ್ಲ.

ಮತ್ತೆ ಅವರನ್ನು ಕಂಡದ್ದು ಒಮ್ಮೆ ಮಾತ್ರ, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈಗೇನು ಕಲಿಸುತ್ತಿದ್ದೀರಿ ಎಂದು ಕೇಳಿದೆ. ಪಾಠದಾಗ ಏನೈತೋ ಅದನ್ನ ಎಂದು ಹೇಳಿ ನಕ್ಕರು. ಆ ನಗುವನ್ನು ಕಂಡ ನನಗೆ, ಯಲಬುರ್ಗಾ ಸೀಮೆಯ ಯಾವ ಯಾವ ಗೋಡೆಗೆ ಏನೇನಾಗಿದೆಯೋ ಎಂದು ಸಂಶಯವೇ ಬಂತು. ಅಷ್ಟರಲ್ಲಿ ಅವರ ಬಸ್ಸು ಬಂತು...

ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ, ಗಂಗಾವತಿಯಲ್ಲಿ ಹಳೆಯ ವಿದ್ಯಾರ್ಥಿಗಳು ಕಟ್ಟಿದ್ದ ಶ್ರದ್ಧಾಂಜಲಿಯ ಬ್ಯಾನರಿನಿಂದ. ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅವರ ಹೆಸರಿತ್ತು, ಕಾಗುಣಿತ ಸರಿಯಾಗಿತ್ತು. ರಸ್ತೆಯ ಬದಿಗೆ ನಿಂತು ಆ ಹೆಸರನ್ನು ಅವರದೇ ಲಿಪಿಯಲ್ಲಿ ಒಂದೊಂದಾಗಿ ಬಿಡಿಸಿ ನೋಡಿದೆ. ಬಾಯಿ ಬಂತು, ನೀರು ಬಂತು, ಕೈ ಬಂತು. ಗೂಬೆ ಬರಲಿಲ್ಲ. ಅಷ್ಟು ವರ್ಷ ಜೊತೆಗಿದ್ದೂ ನನಗೆ ಇದು ಹೊಳೆದಿರಲಿಲ್ಲ. ಅವರ ಹೆಸರಿನಲ್ಲಿ ಮ ಇರಲೇ ಇಲ್ಲ. ಆ ಅಕ್ಷರದಿಂದ ಅವರಿಗೆ ಸ್ವಂತಕ್ಕೆ ಯಾವ ಲಾಭವೂ ಇರಲಿಲ್ಲ.

ಬಸ್ಸು ಹತ್ತಿ ಆ ಹಳ್ಳಿಗೆ ಹೋಗಿ ಬಂದೆ. ಗಿರಣಿ ಮುಚ್ಚಿದೆ. ಈರಮ್ಮ ತೀರಿಕೊಂಡು ಬಹಳ ದಿನವಾಯಿತು. ಅಧ್ಯಕ್ಷರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಗುರುತು ಹಿಡಿದು ಚಹಾ ಕುಡಿಸಿದರು. ಸಾಲಿಗೆ ಹೊಸ ಬಣ್ಣ ಬಂದಿದೆ, ಕಂಪೌಂಡಿನ ಒಳಮೈಗೂ ಬಂದಿದೆ. ರಸ್ತೆಯ ಕಡೆಯ ಗೋಡೆಗೆ ಬಣ್ಣದವರು ಬಂದಾಗೊಮ್ಮೆ ಅಧ್ಯಕ್ಷರು ಕುರ್ಚಿ ತಂದು ಎದುರಿಗೆ ಹಾಕಿಕೊಂಡು ಕುಳಿತುಕೊಳ್ಳುತ್ತಾರಂತೆ. ಆ ಗೋಡೆಯನ್ನು ಇಲ್ಲಿಯವರೆಗೆ ಬಳಿದಿಲ್ಲ.